ಊರ ಮುಂದಿನ ಕಲ್ಲು, ಊರೊಳಗಿನ ಬಾಳು

ಸೊರಬ, ಶಿಕಾರಿಪುರ ಸೀಮೆಯ ಹಳ್ಳಿಗಳಲ್ಲಿ ಬಹಳ ಕಡೆ ಊರಿಗಿಂತ ಮೊದಲು ಕೆರೆ ಸಿಗುತ್ತದೆ. ಏರಿ ದಾಟಿದ ಮೇಲೆ ಮನೆಗಳು. ಏರಿಯ ಮೇಲೋ, ಈಶ್ವರನ ಗುಡಿಯ ಮಗ್ಗುಲಲ್ಲೋ, ಅರಳಿಕಟ್ಟೆಯ ಬುಡದಲ್ಲೋ ಒಂದೆರಡು ಕಲ್ಲು ನಿಂತಿರುತ್ತವೆ. ಕೆಲವಕ್ಕೆ ಎಣ್ಣೆ ಹಚ್ಚಿ ಕುಂಕುಮ ಇಟ್ಟಿರುತ್ತಾರೆ. ಕೆಲವು ಅರ್ಧ ಹೂತುಹೋಗಿವೆ. ಕೆಲವಕ್ಕೆ ದನ ಮೈ ಉಜ್ಜಿ ಉಜ್ಜಿ ಅಂಚು ನುಣುಪಾಗಿದೆ. ಇದೇನು ಎಂದು ಊರವರನ್ನು ಕೇಳಿದರೆ "ಹಿಂದಿನ ರಾಜರ ಕಾಲದ್ದು" ಎನ್ನುತ್ತಾರೆ.

ಈ ಉತ್ತರದ ಬಗ್ಗೆಯೇ ನನ್ನ ತಕರಾರು. ಆ ಕಲ್ಲುಗಳಲ್ಲಿ ರಾಜನಿಗೆ ಸಿಗುವುದು ಬಿರುದುಬಾವಲಿಗಳ ಮೊದಲ ಕೆಲವು ಸಾಲು. ಆಮೇಲಿನದೆಲ್ಲ ಊರಿನ ಮಾತು. ಯಾವ ಗದ್ದೆಯನ್ನು ಯಾವ ದೇವರಿಗೆ ಬಿಟ್ಟರು, ಅದರ ಮೂಡಣ ಎಲ್ಲೆಗೆ ಯಾವ ಹಳ್ಳ, ಪಡುವಣ ಎಲ್ಲೆಗೆ ಯಾವ ಮರ, ಗಾಣದಿಂದ ದೀಪಕ್ಕೆ ಎಷ್ಟು ಎಣ್ಣೆ ಬರಬೇಕು, ಕೆರೆ ಕಟ್ಟಿಸಿದವರು ಯಾರು, ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರು ಯಾರು. ರಾಜವಂಶಗಳ ಪಟ್ಟಿ ಮಾಡುವವರು ಮೊದಲ ಸಾಲುಗಳನ್ನು ತೆಗೆದುಕೊಂಡು ಹೋದರು. ಉಳಿದ ಸಾಲುಗಳು ಇನ್ನೂ ಊರವರಿಗಾಗಿ ಕಾಯುತ್ತಿವೆ.

ಇಂಗ್ಲೆಂಡಿನಲ್ಲಿ ನೂರು ಮನೆಯ ಹಳ್ಳಿಗೂ ತನ್ನದೇ ಚರಿತ್ರೆಯ ಪುಸ್ತಕ ಇರುವುದುಂಟು. ಅದಕ್ಕೆ ಕಾರಣ ಅಲ್ಲಿ ಉಳಿದು ಬಂದ ದಾಖಲೆಗಳು. 1086ರಲ್ಲಿ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಎಂಬ ಲೆಕ್ಕದಲ್ಲಿ ಊರೂರಿನ ನೇಗಿಲು, ಹುಲ್ಲುಗಾವಲು, ನೀರಿನಿಂದ ತಿರುಗುವ ಗಿರಣಿ, ಹಂದಿ ಮೇಯುವ ಕಾಡು, ಒಕ್ಕಲುಗಳ ಸಂಖ್ಯೆ ಎಲ್ಲವೂ ಸೇರಿದವು. 1538ರಿಂದ ಪ್ರತಿ ಊರಿನ ಚರ್ಚು ತನ್ನಲ್ಲಿ ನಡೆದ ನಾಮಕರಣ, ಮದುವೆ, ಮಣ್ಣು ಮಾಡಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕಾಯಿತು. 1789ರಲ್ಲಿ ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಸೆಲ್ಬೋರ್ನ್ ಎಂಬ ಹಳ್ಳಿಯೊಂದರ ಹಕ್ಕಿ, ಹುಳ, ಮಳೆ, ಹಳೆಯ ಕಟ್ಟಡಗಳ ಬಗ್ಗೆಯೇ ಪುಸ್ತಕ ಪ್ರಕಟಿಸಿದ. ಇಂಗ್ಲಿಷ್ ಓದುವ ಜನ ಅದನ್ನು ಇವತ್ತಿಗೂ ಓದುತ್ತಾರೆ. 1899ರಲ್ಲಿ ಇಂಗ್ಲೆಂಡಿನ ಒಂದೊಂದು ಕೌಂಟಿಯ ಒಂದೊಂದು ಹಳ್ಳಿಯ ಚರಿತ್ರೆಯನ್ನೂ ಬರೆಯುವ ಯೋಜನೆ ಶುರುವಾಯಿತು. ಅದು ಇನ್ನೂ ನಡೆಯುತ್ತಲೇ ಇದೆ.

ಇದನ್ನು ಓದಿ ನಮ್ಮಲ್ಲಿ ಇಂಥದ್ದಿಲ್ಲ ಎಂದು ಕೊರಗುವವರನ್ನು ಕಂಡಿದ್ದೇನೆ. ಕೊರಗಬೇಕಾಗಿಲ್ಲ. ಡೂಮ್ಸ್‌ಡೇ ಲೆಕ್ಕ ಬರೆಸಿದ ಕಾಲಕ್ಕೆ ಈ ಸೀಮೆ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಾಗಿತ್ತು. ಆ ನಾಡಿಗೆ ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯೇ ರಾಜಧಾನಿ. ಅದೇ ಶತಮಾನದಲ್ಲಿ ಇಲ್ಲಿಯ ಕಲ್ಲುಕುಟಿಗರು ಊರಿನ ಗದ್ದೆ, ತೋಟ, ಗಾಣ, ಸುಂಕಗಳನ್ನು ಕನ್ನಡದಲ್ಲಿ ಕೊರೆಯುತ್ತಿದ್ದರು. ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ವಿಲಿಯಂನ ಪುಸ್ತಕ ದೊರೆಯ ಖಜಾನೆ ಸೇರಿತು. ತನ್ನ ಬಗ್ಗೆ ಏನು ಬರೆದಿದ್ದಾರೆಂದು ಹಳ್ಳಿಯ ಒಕ್ಕಲಿಗ ಅದನ್ನು ನೋಡುವಂತಿರಲಿಲ್ಲ. ನಮ್ಮ ಕಲ್ಲು ಊರಿನ ನಡುವೆಯೇ ನಿಂತಿತು. ಓದಲು ಬಾರದವನಿಗೂ ಅದರ ಮೇಲಿನ ಸೂರ್ಯ, ಚಂದ್ರ, ಕರುವಿಗೆ ಹಾಲೂಡಿಸುವ ಹಸು ಕಾಣುತ್ತಿದ್ದವು. ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆ ಕೊಂದ ಪಾಪ ಬರುತ್ತದೆ ಎಂಬ ಎಚ್ಚರಿಕೆಯೂ ಕೊನೆಯಲ್ಲಿ ಇರುತ್ತಿತ್ತು. ಲೆಕ್ಕ ಊರಿನದು, ಅದರ ಕಾವಲೂ ಊರಿನದೇ.

ಈ ಕಲ್ಲುಗಳನ್ನು ಹುಡುಕಿ, ಓದಿಸಿ, ಅಚ್ಚು ಹಾಕಿಸಿದವರು ಬಿ. ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಇಂಗ್ಲಿಷ್ ಪಾದ್ರಿಯ ಮಗ. ಅವರ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ, 1902ರಲ್ಲಿ, ಶಿಕಾರಿಪುರದ ಶಾಸನಗಳು ಬಂದವು. ಎರಡು ವರ್ಷದ ಮೇಲೆ ಎಂಟನೆಯ ಸಂಪುಟದಲ್ಲಿ ಸೊರಬದವು ಬಂದವು. ಎರಡೂ ತಾಲ್ಲೂಕು ಸೇರಿದರೆ ನೂರಾರು ಶಾಸನ. ನೂರು ವರ್ಷಕ್ಕೂ ಹಿಂದೆಯೇ ಅಚ್ಚಾದ ಈ ಸಂಪುಟಗಳು ವಿಶ್ವವಿದ್ಯಾಲಯಗಳ ಕಪಾಟಿನಲ್ಲಿವೆ. ಆಯಾ ಊರಿನ ಶಾಲೆಯಲ್ಲಿ ಮಾತ್ರ ಆ ಊರಿನ ಶಾಸನದ ಒಂದು ಪ್ರತಿಯೂ ಸಾಮಾನ್ಯವಾಗಿ ಸಿಗುವುದಿಲ್ಲ.

ಬಳ್ಳಿಗಾವಿ ಈಗ ಸಣ್ಣ ಊರು. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇವಸ್ಥಾನಗಳನ್ನು ನೋಡಲು ಬರುವವರು ಒಂದು ತಾಸು ಸುತ್ತಾಡಿ, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡದ ಕಂಬದ ಎದುರು ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಅಲ್ಲಮಪ್ರಭುವಿನ ಊರು ಇದು ಎನ್ನುವ ನಂಬಿಕೆ ಇದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮದನಿಕೆಯರಲ್ಲಿ ಕೆಲವರನ್ನು ಕೆತ್ತಿ ಕೆಳಗೆ ಹೆಸರು ಹಾಕಿದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವಿಯವರು. ಇಷ್ಟನ್ನು ಮಾರ್ಗದರ್ಶಿಗಳೂ ಹೇಳುತ್ತಾರೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡದು ಕೋಡಿಯ ಮಠದ 1162ರ ಶಾಸನ.

ಕೋಡಿಯ ಮಠ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕಾಳಾಮುಖ ಶೈವರ ಮಠ. ಕಲಚುರಿ ಬಿಜ್ಜಳನ ಕಾಲದ ಆ ಶಾಸನ ಮಠದಲ್ಲಿ ದಿನವೂ ಏನೇನು ನಡೆಯುತ್ತಿತ್ತು ಎಂದು ವಿವರವಾಗಿ ಹೇಳುತ್ತದೆ. ನಾಲ್ಕು ವೇದಗಳ ಪಾಠ, ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣ, ಆರು ದರ್ಶನ, ಯೋಗಶಾಸ್ತ್ರ, ಹದಿನೆಂಟು ಪುರಾಣ, ಕಾವ್ಯ, ನಾಟಕ. ಶಾಕಟಾಯನ ಜೈನ ವೈಯಾಕರಣ ಎಂಬುದನ್ನು ಗಮನಿಸಬೇಕು. ಶೈವ ಮಠದಲ್ಲಿ ಅವನ ಪಾಠ ನಡೆಯುತ್ತಿತ್ತು. ಆಮೇಲೆ ಬರುವುದು ಊಟದ ಮಾತು. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಹಾಡುವವರಿಗೆ, ವಾದ್ಯ ನುಡಿಸುವವರಿಗೆ, ಕುಣಿಯುವವರಿಗೆ, ಜೈನ ಕ್ಷಪಣಕರಿಗೆ, ಏಕದಂಡಿ ತ್ರಿದಂಡಿ ಸನ್ಯಾಸಿಗಳಿಗೆ, ಬೇರೆ ಬೇರೆ ನಾಡುಗಳಿಂದ ಬಂದ ಭಿಕ್ಷುಕರಿಗೆ ಇಲ್ಲಿ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಹೆದರಿ ಬಂದ ಯಾವ ಪ್ರಾಣಿಗೂ ಆಸರೆ ಇತ್ತು.

ಯಾರಿಗೆ ಊಟ ಹಾಕಬೇಕು ಎಂಬ ಈ ಪಟ್ಟಿಯನ್ನು ಕಲ್ಲಿನಲ್ಲಿ ಕೊರೆಸುವ ಅಗತ್ಯ ಏನಿತ್ತು? ನಾಳೆ ಮಠದ ಆಡಳಿತಕ್ಕೆ ಬಂದವನೊಬ್ಬ ಕುರುಡರಿಗೆ ಅನ್ನ ಹಾಕುವುದನ್ನು ನಿಲ್ಲಿಸಿದರೆ ಕೇಳುವುದಕ್ಕೆ ಒಂದು ಆಧಾರ ಬೇಕಲ್ಲ, ಅದಕ್ಕೆ ಎಂದು ನಾನು ತಿಳಿದಿದ್ದೇನೆ. ಬಿಟ್ಟ ಭೂಮಿ ಯಾತಕ್ಕಾಗಿ ಬಿಟ್ಟದ್ದು ಎನ್ನುವುದು ಊರ ಕಣ್ಣೆದುರು ಇರಬೇಕು. ಇದೇ ಊರಿನಲ್ಲಿ 1048ರಲ್ಲಿ ಶಾಂತಿನಾಥ ಬಸದಿಗೆ ಭೂಮಿ ಬಿಟ್ಟ ದಾಖಲೆ ಇದೆ. 1065ರಲ್ಲಿ ಬೌದ್ಧ ವಿಹಾರ ಕಟ್ಟಿಸಿದ ದಾಖಲೆ ಇದೆ. ನಾಗಿಯಕ್ಕ ಎಂಬ ಹೆಣ್ಣುಮಗಳು ತಾರಾ ಭಗವತಿಯ ಮೂರ್ತಿ ಮಾಡಿಸಿದ್ದೂ ಕಲ್ಲಿನಲ್ಲಿದೆ. ಆ ನಾಗಿಯಕ್ಕನನ್ನು ನೆನೆಯುವವರು ಬಳ್ಳಿಗಾವಿಯಲ್ಲಿ ಈಗ ಎಷ್ಟು ಜನ ಇದ್ದಾರೋ.

ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ತಾಳಗುಂದಕ್ಕೆ ಬಂದರೆ ಪ್ರಣವೇಶ್ವರ ದೇವಸ್ಥಾನದ ಎದುರು ಎಣ್ಮೂಲೆಯ ಕಂಬವಿದೆ. ಸುಮಾರು ಕ್ರಿ.ಶ. 450ರ ಕಾಲದ್ದು. ಕುಬ್ಜ ಎಂಬ ಕವಿ ಸಂಸ್ಕೃತದಲ್ಲಿ ಬರೆದದ್ದು. ಕದಂಬರ ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಓದಲು ಹೋಗಿ, ಪಲ್ಲವರ ಕುದುರೆ ಸವಾರನೊಬ್ಬನೊಂದಿಗೆ ಜಗಳವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕಥೆ ನಮಗೆ ಗೊತ್ತಿರುವುದು ಈ ಕಂಬದಿಂದ. ಪಠ್ಯಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಆದರೆ ಕಂಬವನ್ನು ನಿಲ್ಲಿಸಿದ್ದು ಆ ಕಥೆ ಹೇಳುವುದಕ್ಕಲ್ಲ. ಕಾಕುಸ್ಥವರ್ಮ ಈ ದೇವಾಲಯದ ಪಕ್ಕದಲ್ಲಿ ಕೆರೆ ತೋಡಿಸಿದ, ಅದನ್ನು ತಿಳಿಸಲು ಅವನ ಮಗ ಶಾಂತಿವರ್ಮನ ಕಾಲದಲ್ಲಿ ಬರೆಸಿದ ಶಾಸನ ಅದು. ಕರ್ನಾಟಕದ ಮೊದಮೊದಲ ರಾಜವಂಶಗಳಲ್ಲಿ ಒಂದರ ಚರಿತ್ರೆ ನಮಗೆ ಸಿಕ್ಕಿದ್ದು ಒಂದು ಹಳ್ಳಿಯ ಕೆರೆಯ ಕಾರಣದಿಂದ. ಮನೆಯ ಬಳಿ ಇದ್ದ ಕದಂಬದ ಮರವನ್ನು ಜೋಪಾನ ಮಾಡಿದ್ದರಿಂದ ಆ ವಂಶಕ್ಕೆ ಹೆಸರು ಬಂತೆಂದೂ ಅದೇ ಶಾಸನ ಹೇಳುತ್ತದೆ.

2013ರಲ್ಲಿ ಪುರಾತತ್ವ ಇಲಾಖೆ ಇಲ್ಲಿ ಅಗೆಸಿದಾಗ ಸಿಕ್ಕ ಸಿಂಹಕಟಾಂಜನದ (ಮೆಟ್ಟಿಲ ಬದಿಯ ಸಿಂಹದ ಕೆತ್ತನೆಯ) ಕಲ್ಲಿನಲ್ಲಿ ಕನ್ನಡ ಅಕ್ಷರಗಳಿದ್ದವು. ಅದು ಕ್ರಿ.ಶ. 370ರದು, ಹಲ್ಮಿಡಿ ಶಾಸನಕ್ಕಿಂತ ಹಳೆಯದು ಎಂದು ಇಲಾಖೆ ಹೇಳಿತು. ಕಾಲದ ಬಗ್ಗೆ ವಿದ್ವಾಂಸರ ಚರ್ಚೆ ಮುಗಿದಿಲ್ಲ. ತಾಳಗುಂದದ ಅಗ್ರಹಾರಕ್ಕೆ ಸಂಬಂಧಿಸಿದ 12ನೆಯ ಶತಮಾನದ ಇನ್ನೊಂದು ಶಾಸನ ನನಗೆ ಅದಕ್ಕಿಂತ ಹೆಚ್ಚು ಪ್ರಿಯ. ಅದರಲ್ಲಿ ವೇದ ಹೇಳಿಕೊಡುವವರ ಜೊತೆಗೆ ಹುಡುಗರಿಗೆ ಕನ್ನಡ ಅಕ್ಷರ ಕಲಿಸುವವನಿಗೂ, ಓದುವ ಮಕ್ಕಳ ಊಟಕ್ಕೂ, ಅಡುಗೆಯವರಿಗೂ ಭೂಮಿಯ ಏರ್ಪಾಡಾಗಿದೆ. ವೇದಪಾಠವೂ ಅಡುಗೆಯ ಕೆಲಸವೂ ಒಂದೇ ಕಲ್ಲಿನಲ್ಲಿ ಲೆಕ್ಕಕ್ಕೆ ಬಂದವು.

ಸೊರಬದ ಕಡೆ ಹೋದಷ್ಟೂ ವೀರಗಲ್ಲುಗಳು ಹೆಚ್ಚುತ್ತವೆ. ಉದ್ರಿ, ಕುಬಟೂರು, ಚಂದ್ರಗುತ್ತಿಯ ಆಸುಪಾಸು ಮಾತ್ರವಲ್ಲ, ಹೆಸರೇ ಕೇಳದ ಸಣ್ಣ ಊರುಗಳಲ್ಲೂ ಇವೆ. ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಕೈಲಾಸದಲ್ಲಿ ಲಿಂಗದ ಎದುರು ಅವನು ಕೈಮುಗಿದು ಕೂತಿರುವುದು. ಇವರಲ್ಲಿ ರಾಜರ ಯುದ್ಧಕ್ಕೆ ಹೋಗಿ ಸತ್ತವರೂ ಇದ್ದಾರೆ. ಆದರೆ ಎಷ್ಟೋ ಕಲ್ಲುಗಳು ತುರುಗೋಳಿನವು, ಎಂದರೆ ಊರಿನ ದನಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ತಿರುಗಿ ತರಲು ಹೋಗಿ ಸತ್ತವರವು. ಹೆಣ್ಣುಮಕ್ಕಳ ಮೇಲೆ ಕೈಹಾಕಿದವರನ್ನು ತಡೆಯಲು ಹೋಗಿ ಸತ್ತವರೂ ಇದ್ದಾರೆ. ಸತ್ತವನ ಮನೆಯವರಿಗೆ ಊರು ಗದ್ದೆ ಬಿಟ್ಟಿತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಗೌಡನ ಮಗ, ಒಕ್ಕಲ ಮಗ, ಆಳು, ಯಾರೇ ಸತ್ತರೂ ಹೆಸರು ಕಲ್ಲಿಗೆ ಬಂತು. ಸಾಮಾನ್ಯ ರೈತನೊಬ್ಬನ ಹೆಸರು ಸಾವಿರ ವರ್ಷ ಉಳಿಯಲು ಆ ಕಾಲದ ಪ್ರಪಂಚದಲ್ಲಿ ಇನ್ನೆಲ್ಲಿ ಅವಕಾಶವಿತ್ತು ಎಂದು ಯೋಚಿಸಿದಷ್ಟೂ ನನಗೆ ಈ ಕಲ್ಲುಗಳ ಮೇಲೆ ಗೌರವ ಹೆಚ್ಚುತ್ತದೆ.

ದನವೇ ಸಂಪತ್ತಾಗಿದ್ದ ಕಾಲದ ಆ ಮಮತೆ ಈ ಸೀಮೆಯಲ್ಲಿ ಇನ್ನೂ ಇದೆ. ದೀಪಾವಳಿ ಕಳೆದದ್ದೇ ಶಿಕಾರಿಪುರ, ಸೊರಬದ ಊರುಗಳಲ್ಲಿ ಹೋರಿ ಹಬ್ಬ ಶುರುವಾಗುತ್ತದೆ. ವರ್ಷವಿಡೀ ಮಗನಂತೆ ಸಾಕಿದ ಹೋರಿಗೆ ಕೊಬ್ಬರಿ ಹಾರ ಕಟ್ಟಿ, ಬಲೂನು, ಬಣ್ಣದ ಬಟ್ಟೆಗಳಿಂದ ಸಿಂಗರಿಸಿ, ಹೆಸರಿಟ್ಟು ಅಖಾಡಕ್ಕೆ ಬಿಡುತ್ತಾರೆ. ಹುಡುಗರು ಓಡುವ ಹೋರಿಯ ಕೊರಳಿಂದ ಕೊಬ್ಬರಿ ಕಿತ್ತುಕೊಳ್ಳಬೇಕು. ಪ್ರತಿ ವರ್ಷ ಇದರಲ್ಲಿ ಗಾಯವಾಗುತ್ತದೆ, ಕೆಲವೊಮ್ಮೆ ಜೀವವೇ ಹೋಗುತ್ತದೆ. ಬೇಲಿ, ಅಂಬುಲೆನ್ಸ್, ಪರವಾನಗಿ ಬೇಕೇ ಬೇಕು ಎನ್ನುವವರ ಪಕ್ಷ ನಾನು. ಹಬ್ಬವೇ ಬೇಡ ಎನ್ನುವವರ ಪಕ್ಷ ಅಲ್ಲ.

ದೀಪಾವಳಿಗೂ ಮುಂಚೆ, ಶೀಗೆ ಹುಣ್ಣಿಮೆಗೆ, ಭೂಮಿ ಹುಣ್ಣಿಮೆ ಬರುತ್ತದೆ. ಭತ್ತ ಹೊಡೆತುಂಬಿ ನಿಂತಿರುವ ಕಾಲ. ಬಸುರಿಗೆ ಬಯಕೆ ಊಟ ಮಾಡಿಸುವಂತೆ ಭೂಮಿತಾಯಿಗೆ ಉಣಿಸುವ ಹಬ್ಬ ಇದು. ದೀವರು ಎಂಬ ಸಮುದಾಯದ ಮನೆಯ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಸಣ್ಣ ಸಣ್ಣ ಗೆರೆ ಎಳೆದು ಚಿತ್ತಾರ ಬರೆಯುತ್ತಾರೆ. ಅದು ಭೂಮಣ್ಣಿ ಬುಟ್ಟಿ. ರಾತ್ರಿಯಿಡೀ ಅಡುಗೆ ಮಾಡಿ, ಹೊಲದ ಸೊಪ್ಪು ಬೇಯಿಸಿ ಹಚ್ಚಂಬಲಿ ಮಾಡಿ, ಬೆಳಗಿನ ಜಾವ ಆ ಬುಟ್ಟಿಯಲ್ಲಿ ಹೊತ್ತು ಗದ್ದೆಗೆ ಹೋಗಿ ಬೀರುತ್ತಾರೆ. ಪೈರಿಗೆ ಪೂಜೆ ಮಾಡಿ ಗದ್ದೆಯಲ್ಲೇ ಕೂತು ಊಟ. ಬುಟ್ಟಿಯ ಚಿತ್ತಾರವನ್ನು ತಾಯಿ ಮಗಳಿಗೆ ಕಲಿಸುತ್ತಾಳೆ. ಅದರಲ್ಲಿ ಗದ್ದೆಯ ಕಾಲುದಾರಿ, ಸಸಿ, ನಿಚ್ಚಣಿಕೆ, ಜೋಗಿ ಜಡೆ ಎಲ್ಲ ಬರುತ್ತವೆ. ಊರು ತನ್ನನ್ನು ಬರೆದುಕೊಳ್ಳುವ ಇನ್ನೊಂದು ಬಗೆ ಇದು. ಇದಕ್ಕೆ ಶಾಸನದ ಅಕ್ಷರ ಬೇಕಾಗಲಿಲ್ಲ. ಈಗ ಭತ್ತದ ಗದ್ದೆ ಅಡಿಕೆ ತೋಟವಾಗುತ್ತಿದೆ, ಶುಂಠಿಗೆ, ಅನಾನಸಿಗೆ, ಶಿಕಾರಿಪುರದ ಬಯಲಲ್ಲಿ ಮೆಕ್ಕೆಜೋಳಕ್ಕೆ ಹೋಗುತ್ತಿದೆ. ಬೆಲೆ ಸಿಗುವ ಬೆಳೆ ಬೆಳೆಯುವ ರೈತನದು ತಪ್ಪೆನ್ನಲಾರೆ. ಭತ್ತ ಇಲ್ಲದ ಗದ್ದೆಗೆ ಬುಟ್ಟಿ ಹೊತ್ತು ಹೋಗುವ ಮನೆಗಳು ಈಗಲೂ ಇವೆ ಎನ್ನುವುದೇ ನನಗೆ ಸಮಾಧಾನ.

ಸೊರಬ ತಾಲ್ಲೂಕಿನ ಕೆರೆಗಳು ಸಾವಿರಕ್ಕೂ ಮೇಲೆ. ಇವುಗಳಲ್ಲಿ ಎಷ್ಟೋ ಕೆರೆ ಸಣ್ಣವು, ಒಂದರ ಕೋಡಿ ನೀರು ಇನ್ನೊಂದಕ್ಕೆ ಹೋಗುವಂಥವು. ತೂಬು ಎತ್ತುವುದು, ಕಾಲುವೆ ಸವರುವುದು, ಏರಿಗೆ ಮಣ್ಣು ಹಾಕುವುದು ಊರಿನ ಕೆಲಸವಾಗಿತ್ತು. ಕೆರೆಯ ಕೆಲಸ ಮಾಡುವವರಿಗೆ ಬಿತ್ತುವಟ್ಟವಾಗಿ ಬಿಟ್ಟ ಗದ್ದೆಗಳು ಹಳೆಯ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕೆರೆಬೇಟೆ. ದಿನ ಗೊತ್ತುಮಾಡಿ ಸುತ್ತಲ ಊರುಗಳಿಗೆ ಹೇಳಿಕಳಿಸುತ್ತಾರೆ. ಬಿದಿರಿನ ಕೂಣಿ ಹಿಡಿದು ಜನ ಏರಿಯ ಮೇಲೆ ಕಾಯುತ್ತಾರೆ. ಸೂಚನೆ ಸಿಕ್ಕಿದ್ದೇ ಎಲ್ಲರೂ ಒಟ್ಟಿಗೆ ನೀರಿಗೆ ಇಳಿದು, ಕೆಸರಿಗೆ ಕೂಣಿ ಒತ್ತಿ, ಮೇಲಿನ ಬಾಯಿಂದ ಕೈ ಇಳಿಸಿ ಮೀನು ಹಿಡಿಯುತ್ತಾರೆ. ಕೂಣಿಗೆ ಇಷ್ಟು ಎಂದು ಸೇರಿದ ದುಡ್ಡು ಊರಿನ ದೇವಸ್ಥಾನಕ್ಕೋ ಊರ ಕೆಲಸಕ್ಕೋ ಹೋಗುತ್ತದೆ. ಹಲವು ಊರಿನ ಜನ ಒಂದು ಕೆರೆಯಲ್ಲಿ ಸೇರಿದಾಗ ಜಗಳವೂ ಆಗುತ್ತದೆ, ಸಂಬಂಧಗಳೂ ಕುದುರುತ್ತವೆ. ಕೆರೆ ಹೂಳು ತುಂಬಿದರೆ, ಒತ್ತುವರಿಯಾದರೆ ಹೋಗುವುದು ನೀರು ಮಾತ್ರವಲ್ಲ.

ಊರಿನ ಕೆಲಸ ಎಂದರೆ ಗಂಡಸರ ಕೆಲಸ ಎಂದು ಹೇಳುವವರಿಗೆ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಒಂದು ಕಲ್ಲು ಉತ್ತರ ಕೊಡುತ್ತದೆ. ಅದು 10ನೆಯ ಶತಮಾನದ ಮೊದಲ ಭಾಗದ್ದು, ರಾಷ್ಟ್ರಕೂಟರ ಕಾಲದ್ದು. ನಾಗರಖಂಡ ಎಪ್ಪತ್ತು ಎಂಬ ನಾಡಿನ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರ ಅವನ ಹೆಂಡತಿ ಜಕ್ಕಿಯಬ್ಬೆಗೆ ಬಂತು. ಅವಳು ಎಪ್ಪತ್ತು ಊರುಗಳ ಆಡಳಿತ ನಡೆಸಿದಳು. ಕೊನೆಗೆ ಕಾಯಿಲೆ ಬಿದ್ದು, ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಗ್ರಾಮ ಪಂಚಾಯಿತಿಯ ಅಧ್ಯಕ್ಷೆಯ ಕುರ್ಚಿಯಲ್ಲಿ ಗಂಡ ಕೂತಿರುವ ಊರುಗಳಲ್ಲಿ ಈ ಶಾಸನವನ್ನು ದೊಡ್ಡಕ್ಷರದಲ್ಲಿ ಬರೆಸಿ ಹಾಕಬೇಕು.

ಇನ್ನು ಈಸೂರು. ಶಿಕಾರಿಪುರ ತಾಲ್ಲೂಕಿನ ಈ ಊರಿನ ಹೆಸರು ಕೇಳಿದರೆ "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆ ಬಾಯಿಗೆ ಬರುತ್ತದೆ. ಆಗಸ್ಟ್ 15ರ ಭಾಷಣಗಳು ಆ ಘೋಷಣೆಯಲ್ಲೇ ಮುಗಿದುಬಿಡುತ್ತವೆ. ಅದರ ಹಿಂದೆ ಒಂದು ಬೇಸಾಯದ ಊರಿನ ಕಷ್ಟವಿದೆ. 1942. ಯುದ್ಧದ ಕಾಲ. ಮೈಸೂರು ಸಂಸ್ಥಾನದಲ್ಲಿ ಊರಿನ ಲೆಕ್ಕ ಎಂದರೆ ಶಾನುಭೋಗರ ದಫ್ತರ. ಹೊಲ ಎಷ್ಟು, ಕಂದಾಯ ಎಷ್ಟು, ಬಾಕಿ ಎಷ್ಟು ಎಲ್ಲ ಅದರಲ್ಲಿ. ಕಲ್ಲಿನ ಕಾಲದಲ್ಲಿ ಊರ ನಡುವೆ ನಿಂತಿದ್ದ ಲೆಕ್ಕ ಈಗ ಬಟ್ಟೆಯಲ್ಲಿ ಸುತ್ತಿದ ಕಾಗದದ ಕಟ್ಟಾಗಿ ಸರ್ಕಾರದ ಪರವಾಗಿ ಬರುವವರ ಕಂಕುಳಲ್ಲಿತ್ತು.

ಆಗಸ್ಟಿನಲ್ಲಿ ಗಾಂಧೀಜಿಯವರ ಕ್ವಿಟ್ ಇಂಡಿಯಾ ಕರೆ ಬಂತು. ಸೆಪ್ಟೆಂಬರಿನಲ್ಲಿ ಕಂದಾಯ ವಸೂಲಿಗೆ ಬಂದವರ ಕೈಯಿಂದ ಈಸೂರಿನ ಜನ ಆ ದಫ್ತರ ಕಿತ್ತುಕೊಂಡರು. ಬೇಜವಾಬ್ದಾರಿ ಸರ್ಕಾರದ ನೌಕರರು ಊರಿಗೆ ಬರಕೂಡದೆಂದು ಊರ ಬಾಗಿಲಿಗೆ ಫಲಕ ತೂಗುಹಾಕಿದರು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿತು. ಸ್ವತಂತ್ರ ಸರ್ಕಾರ ಎಂದು ಸಾರಿ, ಹುಡುಗರಿಬ್ಬರನ್ನು ಒಬ್ಬ ಅಮಲ್ದಾರ, ಒಬ್ಬ ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದರು. ಚಿಕ್ಕವರನ್ನು ಜೈಲಿಗೆ ಹಾಕಲಾಗದು ಎಂಬ ಲೆಕ್ಕಾಚಾರ ಅದರ ಹಿಂದೆ ಇತ್ತು ಎಂದು ಹೇಳುತ್ತಾರೆ.

ಸೆಪ್ಟೆಂಬರ್ 28ರಂದು ಅಮಲ್ದಾರ ಚನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಹಾಕಿಕೊಳ್ಳಿ ಎಂದು ಜನ ಹಟ ಹಿಡಿದರು. ಮಾತಿಗೆ ಮಾತು ಬೆಳೆದು ಘರ್ಷಣೆಯಾಯಿತು. ಜನರ ಸಿಟ್ಟಿಗೆ ಇಬ್ಬರು ಅಧಿಕಾರಿಗಳೂ ಬಲಿಯಾದರು. ಇದನ್ನು ಮುಚ್ಚಿಟ್ಟು ಈಸೂರಿನ ಕಥೆ ಹೇಳಬಾರದು. ಆ ಇಬ್ಬರೂ ಇದೇ ನಾಡಿನ ಮಕ್ಕಳು, ಕೆಲಸದ ಮೇಲೆ ಬಂದವರು. ಆಮೇಲೆ ಪೊಲೀಸರು, ಸೈನ್ಯದವರು ಬಂದು ಊರನ್ನು ಸೂರೆ ಮಾಡಿದರು, ಮನೆಗಳಿಗೆ ಬೆಂಕಿ ಹಚ್ಚಿದರು. ಜನ ಕಾಡು ಸೇರಿದರು. ಗದ್ದೆಯಲ್ಲಿ ಪೈರು ನಿಂತಿದ್ದ ಕಾಲ ಅದು. ಹೋರಾಟದ ಚರಿತ್ರೆಯಲ್ಲಿ ಆ ವರ್ಷದ ಪೈರಿನ ಮಾತು ಬರುವುದಿಲ್ಲ. ಉಣ್ಣಬೇಕಾದ ಊರಿಗೆ ಅದು ಸಣ್ಣ ಮಾತಾಗಿರಲಿಲ್ಲ.

1943ರ ಮಾರ್ಚಿನಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಗುರಪ್ಪ ಕಮ್ಮಾರ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ, ಗೌಡ್ರು ಶಂಕರಪ್ಪ. ಈ ಹೆಸರುಗಳನ್ನು ಮತ್ತೊಮ್ಮೆ ಓದಿ. ಕುಲುಮೆಯ ಮನೆತನ, ಆಚಾರಿಯ ಮನೆತನ, ಗೌಡಿಕೆಯ ಮನೆತನ, ಎಲ್ಲ ಇವೆ. ಒಂದು ಹಳ್ಳಿ ನಡೆಯಲು ಯಾರು ಯಾರು ಬೇಕೋ ಅವರೇ ಒಟ್ಟಿಗೆ ನಿಂತಿದ್ದರು. ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಹೆಣ್ಣುಮಕ್ಕಳಿಗೆ ಜೀವಾವಧಿ ಶಿಕ್ಷೆಯಾಯಿತು. ಊರಿನಲ್ಲಿ ಹುತಾತ್ಮರ ಸ್ಮಾರಕವಿದೆ. ನನ್ನ ಲೆಕ್ಕದಲ್ಲಿ ಅದು ಈ ಸೀಮೆಯ ವೀರಗಲ್ಲುಗಳ ಸಾಲಿಗೇ ಸೇರಿದ್ದು. ಊರಿಗಾಗಿ ಸತ್ತವರ ಹೆಸರು ಊರ ಮುಂದೆ ಇರಬೇಕು ಎಂಬ ಸಾವಿರ ವರ್ಷದ ರೂಢಿಯಂತೆ ನಡೆದದ್ದು.

ಹಳ್ಳಿಯ ದಿನದಿನದ ಬದುಕನ್ನು ಬರೆಯುವುದು ವಿದ್ವತ್ತಿನ ಕೆಲಸವಲ್ಲ ಎಂದು ತಿಳಿದವರಿಗೆ ನಮ್ಮ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಉದಾಹರಣೆ ಸಾಕು. ಮೈಸೂರು ಬಳಿಯ ಒಂದು ಹಳ್ಳಿಯಲ್ಲಿ ಇದ್ದು, ಅಲ್ಲಿಯ ಬೇಸಾಯ, ಜಾತಿ, ಜಗಳ, ಹಬ್ಬಗಳನ್ನು ಅವರು ಟಿಪ್ಪಣಿ ಮಾಡಿಕೊಂಡಿದ್ದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕಚೇರಿಗೆ ಯಾರೋ ಬೆಂಕಿ ಹಚ್ಚಿದಾಗ ವರ್ಷಗಟ್ಟಲೆ ಕೂತು ತಿದ್ದಿ ಸಿದ್ಧಮಾಡಿದ ಟಿಪ್ಪಣಿಗಳು ಸುಟ್ಟುಹೋದವು. ಅವರು ನೆನಪಿನಿಂದ ಆ ಊರನ್ನು ಮತ್ತೆ ಬರೆದರು. 1976ರಲ್ಲಿ ಪುಸ್ತಕ ಬಂತು. ಜಗತ್ತಿನ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಆದರೆ ಎಲ್ಲ ಊರಿಗೂ ಒಬ್ಬ ಶ್ರೀನಿವಾಸ್ ಸಿಗುವುದಿಲ್ಲ. ಊರೇ ಬರೆದುಕೊಳ್ಳಬೇಕು.

ಸಮಯ ಹೆಚ್ಚಿಲ್ಲ. ನಿಧಿ ಇದೆ ಎಂದು ವೀರಗಲ್ಲಿನ ಬುಡ ಅಗೆಯುವವರು ಇದ್ದಾರೆ. ರಸ್ತೆ ಅಗಲ ಮಾಡುವ ಯಂತ್ರಕ್ಕೆ ಶಾಸನವೂ ಒಂದೇ, ಸೈಜುಗಲ್ಲೂ ಒಂದೇ. ಹಳೆಯ ಗುಡಿಗೆ ಹೊಸ ಬಣ್ಣ ಬಳಿಯುವ ಭಕ್ತರು ಅಕ್ಷರಗಳ ಮೇಲೂ ಬಣ್ಣ ಬಳಿಯುತ್ತಾರೆ. 1942ನ್ನು ಕಣ್ಣಾರೆ ಕಂಡವರಲ್ಲಿ ಈಗ ಉಳಿದವರು ತೀರಾ ಕಡಿಮೆ. ಅವರ ಮಕ್ಕಳಿಗೂ ವಯಸ್ಸಾಗಿದೆ. ಸೊರಬದ ಕೆರೆಗಳ ಹೆಸರು, ಯಾವ ಕೆರೆಯ ಕೋಡಿ ಎಲ್ಲಿಗೆ ಬೀಳುತ್ತದೆ ಎಂಬುದು ಹಳಬರ ತಲೆಯಲ್ಲಿದೆ, ಕಾಗದದಲ್ಲಿ ಎಲ್ಲವೂ ಇಲ್ಲ.

ಆದ್ದರಿಂದ ಎರಡೂ ತಾಲ್ಲೂಕಿನ ಓದುಗರಲ್ಲಿ, ಅದರಲ್ಲೂ ಶಾಲೆಯ ಮೇಷ್ಟರು, ಪಂಚಾಯಿತಿ ಸದಸ್ಯರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳಲ್ಲಿ ನನ್ನದೊಂದು ಕೇಳಿಕೆ. ಮುಂದಿನ ಗ್ರಾಮಸಭೆಯಲ್ಲಿ ಒಂದು ದಪ್ಪ ಪುಸ್ತಕ ಕೊಂಡು ಪಂಚಾಯಿತಿಯಲ್ಲಿ ಇಡಲು ತೀರ್ಮಾನ ಮಾಡಿ. ಊರಿನ ಕಲ್ಲು ಎಲ್ಲೆಲ್ಲಿವೆ, ಕೆರೆಗಳ ಹೆಸರೇನು, ತೂಬು ಎಲ್ಲಿದೆ, ಯಾವ ಹಬ್ಬಕ್ಕೆ ಯಾವ ಮನೆಯ ಪಾಲೇನು, ಹಿಂದೆ ಯಾವ ಭತ್ತ ಬೆಳೆಯುತ್ತಿದ್ದರು, ಬರಗಾಲದ ವರ್ಷ ಏನು ತಿಂದರು, ಎಲ್ಲವನ್ನೂ ಹಿರಿಯರನ್ನು ಕೇಳಿ ಮಕ್ಕಳ ಕೈಯಲ್ಲಿ ಬರೆಸಿ. ನಿಮ್ಮ ಊರಿನ ಶಾಸನ ರೈಸ್ ಅವರ ಸಂಪುಟದಲ್ಲಿದ್ದರೆ ಅದರ ಪ್ರತಿ ತರಿಸಿ ಶಾಲೆಯ ಗೋಡೆಗೆ ಹಾಕಿ. ಇಲ್ಲದಿದ್ದರೆ ರಾಜ್ಯದ ಪುರಾತತ್ವ ಇಲಾಖೆಗೆ ಫೋಟೋ ಸಮೇತ ಪತ್ರ ಬರೆಯಿರಿ. ಮಳೆಗಾಲದಲ್ಲಿ ಕಲ್ಲುಗಳ ಮೇಲೆ ಪಾಚಿ ಬೆಳೆದು ಅಕ್ಷರ ಕಾಣುವುದಿಲ್ಲ. ಬೇಸಿಗೆಯಲ್ಲೇ ಈ ಕೆಲಸ ಶುರುಮಾಡಿ.